ಬಸ್ಸಿನ ಕಾಕಾ ಅವರಿಗೆ

ಹುಮನಾಬಾದ್‌ನಲ್ಲಿ ಕಲಬುರಗಿ ಬಸ್ ಹತ್ತಿ ನನ್ನ ಪಕ್ಕ ಕೂತ ಕಾಕಾ, ನಿಮ್ಮ ಹೆಸರು ಕೇಳೋದೇ ಮರೆತೆ.

ಅಂದು ನನಗೆ ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆ. ಸರಾಸರಿ, ಮಧ್ಯಾಂಕ ಎರಡೂ ಬಾಯಿಪಾಠ. ಯಾವುದು ಯಾವಾಗ ಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ನೀವು ಟಿಕೆಟ್ ಹಿಂದೆ ಐದು ತೊಗರಿ ರೈತರ ಹೊಲ ಬರೆದಿರಿ: 2, 3, 3, 4, 38 ಎಕರೆ. "ಸರಾಸರಿ 10 ಬಂತು. ಹತ್ತೆಕರೆ ಇದ್ದಾವ ಇದರಾಗ ಯಾವನು, ತೋರ್ಸು ತಮ್ಮಾ" ಅಂದಿರಿ. ನಕ್ಕುಬಿಟ್ಟೆ. ಸಾಲಿನ ನಡುವೆ ನಿಂತವನದು 3 ಎಕರೆ, ಅದೇ ಮಧ್ಯಾಂಕ. ಸಾಹುಕಾರನ 38 ಎಕರೆ 380 ಆದರೂ ಅದು ಕದಲಲ್ಲ, ಅಲ್ವಾ?

ಪರೀಕ್ಷೆಯಲ್ಲಿ ಸಂಬಳದ ಪಟ್ಟಿ ಕೊಟ್ಟು ಇದನ್ನೇ ಕೇಳಿದ್ದರು! ಒಂದೇ ದೊಡ್ಡ ಸಂಬಳ ಸರಾಸರಿಯನ್ನು ಮೇಲಕ್ಕೆ ಎಳೆದಿದೆ ಅಂತ ಬರೆದೆ.

ಆ ಟಿಕೆಟ್ ಇನ್ನೂ ನನ್ನ ಪುಸ್ತಕದಲ್ಲಿದೆ. ಶರಣ್ರಿ ಕಾಕಾ.