ತಾರಿಯ ಪೆಟ್ಟಿಗೆಯ ಬೀಗ ತೆಗೆಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಹದಿನಾಲ್ಕು ವರ್ಷಗಳಿಂದ ದಿನಕ್ಕೆ ಎರಡು ಸಲ ಬಾರ್ಜಿನಲ್ಲಿ, ಅಂದರೆ ಜನ ವಾಹನ ಎರಡನ್ನೂ ಹೊರುವ ಚಪ್ಪಟೆ ತೆಪ್ಪದಲ್ಲಿ, ಹೊಳೆ ದಾಟುತ್ತಿದ್ದೇನೆ. ಮನೆ ಈ ದಡದಲ್ಲಿ, ಹೊಲಿಗೆ ಅಂಗಡಿ ಆ ದಡದಲ್ಲಿ. ರಸ್ತೆಯಲ್ಲಿ ಸುತ್ತಿ ಹೋದರೆ ದುಡಿದದ್ದೆಲ್ಲ ಬಸ್ಸಿಗೇ ಸರಿ. ಹೊಳೆ ದಾಟಿಸುವ ಈ ತಾರಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಟಿಕೆಟ್ ಹರಿಯುವ ಹುಡುಗನ ಕೆಲಸ ಹೋಗುತ್ತದೆ, ಜಾಕೆಟ್ ಪೆಟ್ಟಿಗೆಗೆ ಬೀಗ ಹಾಕಿಸಿದವರಿಗೆ ಏನೂ ಆಗುವುದಿಲ್ಲ. ತಮಗೆ ಯಾವ ತಾರಿ ಎಂದು ಗೊತ್ತಾಗುತ್ತದೆ. ಚುನಾವಣೆಯ ಹೊತ್ತಿಗೆ ಅದರಲ್ಲೇ ಬಂದಿದ್ದಿರಿ. ಅಂದು ತಮಗೆ ಹೊಸ ಕಿತ್ತಳೆ ಬಣ್ಣದ ಜೀವರಕ್ಷಕ ಜಾಕೆಟ್ ತೊಡಿಸಿ, ಅದರ ಮೇಲೆ ಹಾರ ಹಾಕಿದ್ದರು. ಆ ಜಾಕೆಟ್ಟನ್ನು ನಾವು ನೋಡಿದ್ದು ಅದೇ ಮೊದಲು.

ಕಳೆದ ಆಷಾಢದ ಅಮಾವಾಸ್ಯೆಯ ಸಂಜೆ, ಕಡಲಿನ ಇಳಿತದ ಹೊತ್ತು. ಮೇಲಿನ ಮಳೆನೀರೂ ಸೇರಿ ಹೊಳೆ ಕೆಂಪಗೆ ಓಡುತ್ತಿತ್ತು. ಶಾಲೆಯ ಮಕ್ಕಳು, ಬೈಕುಗಳು, ಸಿಮೆಂಟ್ ಹೇರಿದ ಒಂದು ಗೂಡ್ಸ್ ರಿಕ್ಷಾ. ಬಾರ್ಜಿಗೆ ಸ್ವಂತ ಎಂಜಿನ್ ಇಲ್ಲ, ಪಕ್ಕಕ್ಕೆ ಬಿಗಿದ ದೋಣಿಯೇ ಅದನ್ನು ಒಯ್ಯಬೇಕು. ನಡುಹೊಳೆಯಲ್ಲಿ, ನೀರೊಳಗೆ ತಿರುಗುವ ದೋಣಿಯ ಫ್ಯಾನಿಗೆ ಹರಕು ಬಲೆ ಸುತ್ತಿಕೊಂಡು ಎಂಜಿನ್ ನಿಂತಿತು. ಚಪ್ಪಟೆ ತಳದ ಬಾರ್ಜ್ ಅಡ್ಡ ತಿರುಗಿ, ಹೊಳೆ ಕಡಲು ಸೇರುವ ಅಳಿವೆಯ ಕಡೆ ಜಾರತೊಡಗಿತು. ಲಂಗರು ಇತ್ತು, ಅದಕ್ಕೆ ಹಗ್ಗ ಇರಲಿಲ್ಲ.

ಮೇಷ್ಟ್ರೊಬ್ಬರು ಮಕ್ಕಳಿಗಾದರೂ ಜಾಕೆಟ್ ಕೊಡಿ ಎಂದು ಕೂಗಿದರು. ಸುಳ್ಳು ಹೇಳಬಾರದು, ಜಾಕೆಟ್ ಇದ್ದವು. ತಗಡಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬೀಗ. ಕೀಲಿ ಎಲ್ಲಿ ಎಂದರೆ ಟಿಕೆಟ್ ಹುಡುಗ ದಡದತ್ತ ಕೈ ತೋರಿಸಿದ: "ಸಾಹುಕಾರರ ಹತ್ತಿರ ಇದೆ. ಕದ್ದು ಹೋಗುತ್ತವೆ ಎಂದು ಬೀಗ ಹಾಕಿಸಿದ್ದಾರೆ." ಅವನು ತೋರಿಸಿದ ದಡ ದೂರ ದೂರ ಸರಿಯುತ್ತಿತ್ತು.

ಚಿಪ್ಪಿ ಆರಿಸಿ ಮರಳುತ್ತಿದ್ದ ಎರಡು ದೋಣಿಯವರು ಹಗ್ಗ ಎಸೆದು ನಮ್ಮನ್ನು ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕೆಸರಿಗೆ ಎಳೆದು ನಿಲ್ಲಿಸಿದರು. ಆ ಗಲಿಬಿಲಿಯಲ್ಲಿ ಒಂದು ಮಗುವಿನ ಕೈ ಹಿಡಿಯಲು ಹೋಗಿ ನನ್ನ ಚೀಲ ನೀರಿಗೆ ಬಿತ್ತು. ಮದುವೆಮನೆಯ ಹನ್ನೆರಡು ಜರಿ ರವಿಕೆಗಳು, ಕೈಕಸೂತಿಯವು. ಬಟ್ಟೆಯ ಹಣವನ್ನು ಮೂರು ಕಂತಿನಲ್ಲಿ ಕಟ್ಟಿಕೊಟ್ಟೆ. ಅದನ್ನು ಶಾಸಕರಿಗೆ ಯಾಕೆ ಹೇಳಬೇಕು ಎಂದು ನನ್ನ ಗಂಡ ಕೇಳುತ್ತಾರೆ. ಮತ್ತೆ ಯಾರಿಗೆ ಹೇಳಲಿ?

ಮರುದಿನ ನೋಡಿದರೆ ಫ್ಯಾನಿನ ಬಲೆ ಬಿಡಿಸಿದ್ದರು. ಬೀಗ ಹಾಗೆಯೇ ಇತ್ತು. ಇಂದಿಗೂ ಇದೆ. ಮೂರು ಅರ್ಜಿ ಕೊಟ್ಟೆ, ಒಂದಕ್ಕೆ "ಗಮನಿಸಲಾಗಿದೆ" ಎಂಬ ಉತ್ತರ ಬಂತು.

ಕಾನೂನು ತಮಗೆ ಗೊತ್ತಿರುವುದೇ. 1917ರ ಹಳೆಯ ಕಾಯ್ದೆಯ ಜಾಗಕ್ಕೆ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ನೋಂದಣಿ, ತಪಾಸಣೆ, ಚಾಲಕನ ಅರ್ಹತಾಪತ್ರ, ಜೀವರಕ್ಷಕ ಸಾಧನ ಎಲ್ಲವೂ ಅದರಲ್ಲಿದೆಯಂತೆ. ಬೀಗದ ಮಾತು ಮಾತ್ರ ಇರಲಿಕ್ಕಿಲ್ಲ; ಬರೆದವರಿಗೆ ಪಾಪ, ಅದು ಹೊಳೆದಿರಲಾರದು.

2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಆಗ ಎಲ್ಲರೂ ಜಾಕೆಟ್ಟಿನ ಮಾತೇ ಆಡಿದರು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿ ಬಿದ್ದಾಗಲೂ ಚಾಲಕನನ್ನು ಎತ್ತಲು ಮೀನುಗಾರರು ಬೇಕಾದರು. ಪ್ರತಿ ಸಲವೂ ಅವರೇ ಬರಬೇಕೇ? ಅವರಿಗೂ ಮನೆಯಲ್ಲಿ ಗಂಜಿ ಆರುತ್ತಿರುತ್ತದೆ.

ನಾನು ಸೇತುವೆ ಕೇಳುತ್ತಿಲ್ಲ. ಅದನ್ನು ಕೇಳಿ ಕೇಳಿಯೇ ನನ್ನ ಅಪ್ಪ ತೀರಿಕೊಂಡರು. ಲಂಗರಿಗೆ ಹಗ್ಗ ಕಟ್ಟಿಸಿ. ಎಂಜಿನ್ ಕೆಟ್ಟರೆ ಓಡಿ ಬರಲು, ದೋಣಿ ಕಟ್ಟುವ ಧಕ್ಕೆಯಲ್ಲಿ ಇನ್ನೊಂದು ದೋಣಿ ಇರಿಸಿ. ಅದೂ ಆಗದಿದ್ದರೆ ಪೆಟ್ಟಿಗೆಯ ಬೀಗವನ್ನಾದರೂ ತೆಗೆಸಿ. ಇದಕ್ಕೆ ಟೆಂಡರ್ ಕರೆಯಬೇಕಿಲ್ಲ, ಬಜೆಟ್ ಬೇಕಿಲ್ಲ, ಒಂದು ಫೋನ್ ಸಾಕು. ಬೀಗ ತೆಗೆಸಿ ಸ್ವಾಮಿ.

ಬರುವ ಸೋಮವಾರ ಬೆಳಗಿನ ಎಂಟರ ಬಾರ್ಜಿಗೆ ನಾನು ಬರುತ್ತೇನೆ. ಅಂದೂ ಬೀಗ ಇದ್ದರೆ, ನನ್ನ ಚೀಲದಲ್ಲಿ ಕತ್ತರಿಯ ಜೊತೆ ಒಂದು ಸುತ್ತಿಗೆಯೂ ಇರುತ್ತದೆ. ಕೇಸು ಹಾಕಿಸುವುದಿದ್ದರೆ ಹಾಕಿಸಿ.

ಇಂತಿ,
ತಮ್ಮ ಕ್ಷೇತ್ರದ ಮತದಾರಳು,
ತಾರಿಯಾಚೆಯ ಹೊಲಿಗೆ ಅಂಗಡಿಯವಳು