ಹಳ್ಳ ಕೆಳಗಿದೆ, ಮನೆ ಮೇಲಿದೆ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಕಳೆದ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ ತಾವು ನಮ್ಮ ಊರಿಗೆ ನಡೆದೇ ಬಂದಿದ್ದಿರಿ. ನಮ್ಮ ಜಗಲಿಯಲ್ಲಿ ಕುಳಿತು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಎರಡು ಲೋಟ ನೀರು ಕುಡಿದಿರಿ. ಆ ನೀರನ್ನು ನನ್ನ ಸೊಸೆ ಬೆಳಿಗ್ಗೆ ಹಳ್ಳದಿಂದ ಹೊತ್ತು ತಂದು, ಕುದಿಸಿ, ಆರಿಸಿ ಇಟ್ಟಿದ್ದಳು. ಅಂಗಳದ ಅಂಚಿನಲ್ಲಿ ಸಿಮೆಂಟು ಕಂಬಕ್ಕೆ ಕೂರಿಸಿದ ನಲ್ಲಿಯನ್ನು ತಾವು ನೋಡಿರಬಹುದು. ಅದರಲ್ಲಿ ಈವರೆಗೆ ಹನ್ನೊಂದು ದಿನ ನೀರು ಬಂದಿದೆ. ಈಗ ಅದರ ಬಾಯಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿದೆ. ಮನೆಗೆ ಬಂದ ಅತಿಥಿಯ ಮುಂದೆ ದೂರು ಹೇಳಬಾರದೆಂದು ಅಂದು ಸುಮ್ಮನಿದ್ದೆ. ಇಂದು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ, ಏಕೆಂದರೆ ಘಟ್ಟದ ಅಂಚಿನ ಎಷ್ಟೋ ಊರುಗಳ ಮಾತು ಇದು. ಹಳ್ಳದ ನೀರನ್ನು ಕರೆಂಟಿಲ್ಲದೆ ಗುಡ್ಡಕ್ಕೆ ಹತ್ತಿಸುವ ಒಂದು ಪಂಪನ್ನು ಕೇಳಲು ಈ ಪತ್ರ.

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ಲಕ್ಕವಳ್ಳಿಯಲ್ಲಿ ನಿಂತ ಭದ್ರೆಯ ನೀರು ದಾವಣಗೆರೆಯ ಗದ್ದೆಗಳವರೆಗೆ ಹೋಗುತ್ತದೆ. ಹೋಗಲಿ, ಅದರ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ಹೊಳೆಗಳಿಗೆ ನೀರು ಕೊಡುವ ಹಳ್ಳದ ದಡದಲ್ಲಿ ಹುಟ್ಟಿ ಬೆಳೆದ ಹೆಂಗಸರು ಇನ್ನೂ ಕೊಡ ಹೊರುತ್ತಿದ್ದಾರೆ. ಸರ್ಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಇಟ್ಟಿದೆ. ಐದು ಜನರ ಮನೆಗೆ 275 ಲೀಟರ್. 15 ಲೀಟರಿನ ಕೊಡದಲ್ಲಿ ಹದಿನೆಂಟು ಸಲ ಹಳ್ಳಕ್ಕೆ ಇಳಿದು ಹತ್ತಿದರೂ ಅಷ್ಟು ನೀರು ತುಂಬುವುದಿಲ್ಲ. ಹಾಗಾಗಿ ನಾವು ಹತ್ತು ಕೊಡಕ್ಕೆ ನಿಲ್ಲಿಸುತ್ತೇವೆ, ಉಳಿದದ್ದನ್ನು ಬಿಟ್ಟುಕೊಟ್ಟು ಬದುಕುತ್ತೇವೆ.

ಮನೆಗಿಂತ ಮೇಲೆ ಒರತೆ ಇದ್ದವರು ಪುಣ್ಯವಂತರು. ಅಬ್ಬಿ ನೀರನ್ನು ಹಿಂದೆ ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೆ ಹರಿಸಿಕೊಳ್ಳುತ್ತಿದ್ದರು, ಈಗ ಪೈಪಿನಲ್ಲಿ ತರುತ್ತಾರೆ. ನಮ್ಮಂಥವರ ಮನೆ ಮೇಲಿದೆ, ಹಳ್ಳ ಕೆಳಗಿದೆ. ನಮಗಾಗಿ ಕೊಳವೆಬಾವಿ ಕೊರೆದರು. ಬಂದದ್ದು ಕಬ್ಬಿಣದ ಕೆಂಪು ನೀರು. ಅದನ್ನು ಮೇಲಕ್ಕೆತ್ತಲು ಕರೆಂಟು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ವಾರಗಟ್ಟಲೆ ಕತ್ತಲೆ. ಮೋಟಾರು ಸುಟ್ಟ ಮೇಲೆ ಅದನ್ನು ಹೊತ್ತುಕೊಂಡು ಪೇಟೆಗೆ ಹೋಗಬೇಕು. ನಾನು ಐದು ವರ್ಷ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಮೋಟಾರು ರಿಪೇರಿಯ ಬಿಲ್ಲುಗಳಿಗೆ ಕೈಯೆತ್ತಿ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬಳು.

ಎರಡು ಕಣಿವೆ ಆಚೆ ಒಬ್ಬ ಕೃಷಿಕರ ತೋಟದಲ್ಲಿ ನಾನು ಮೊದಲ ಬಾರಿಗೆ ರ‍್ಯಾಮ್ ಪಂಪ್ ನೋಡಿದೆ. ರ‍್ಯಾಮ್ ಎಂದರೆ ಟಗರು, ಹೆಸರು ಚೆನ್ನಾಗಿಯೇ ಹೊಂದುತ್ತದೆ. ಹಳ್ಳದ ನೀರು ಎತ್ತರದಿಂದ ಕಬ್ಬಿಣದ ಪೈಪಿನಲ್ಲಿ ರಭಸವಾಗಿ ಇಳಿದು ಒಂದು ಕವಾಟದಿಂದ ಹೊರಕ್ಕೆ ಚೆಲ್ಲುತ್ತಿರುತ್ತದೆ. ರಭಸ ಏರಿದಾಗ ಆ ಕವಾಟ ತಟ್ಟನೆ ಮುಚ್ಚಿಕೊಳ್ಳುತ್ತದೆ. ಓಡುತ್ತಿದ್ದ ನೀರಿಗೆ ದಾರಿ ಇಲ್ಲದಾಗಿ ಟಗರಿನಂತೆ ಗುದ್ದುತ್ತದೆ. ಆ ಗುದ್ದಿಗೆ ಇನ್ನೊಂದು ಕವಾಟ ತೆರೆದು ಸ್ವಲ್ಪ ನೀರು ಗಾಳಿ ತುಂಬಿದ ಉರುಳೆಯೊಳಗೆ ನುಗ್ಗುತ್ತದೆ, ಅಲ್ಲಿಂದ ಗುಡ್ಡ ಹತ್ತುತ್ತದೆ. ಒತ್ತಡ ಇಳಿದಾಗ ಮೊದಲ ಕವಾಟ ಮತ್ತೆ ತೆರೆಯುತ್ತದೆ. ನಿಮಿಷಕ್ಕೆ ಐವತ್ತು ಅರವತ್ತು ಸಲ, ಹಗಲು ರಾತ್ರಿ ಟಕ್ ಟಕ್ ಎನ್ನುತ್ತ ನಡೆಯುತ್ತದೆ. ಕರೆಂಟು ಬೇಡ, ಡೀಸೆಲ್ ಬೇಡ. ನಾನು ಅದರ ಪಕ್ಕದ ಬಂಡೆಯ ಮೇಲೆ ಅರ್ಧ ಗಂಟೆ ಕುಳಿತಿದ್ದೆ. ನಮ್ಮ ಅತ್ತೆಯ ಬಾಗಿದ ಬೆನ್ನು ನೆನಪಾಯಿತು, ಅತ್ತುಬಿಟ್ಟೆ.

ಇದು ಹೊಸ ವಿದ್ಯೆಯಲ್ಲ. ಬಿಸಿಗಾಳಿಯ ಬಲೂನು ಹಾರಿಸಿದ ಫ್ರಾನ್ಸಿನ ಮಾಂಟ್‌ಗೋಲ್ಫಿಯರ್ 1796ರಲ್ಲೇ ಇದನ್ನು ತಾನಾಗಿ ನಡೆಯುವಂತೆ ಮಾಡಿದ್ದರು. ಉತ್ತರಾಖಂಡದ ಬೆಟ್ಟಗಳಲ್ಲಿ ಸಣ್ಣ ನೀರಾವರಿ ಇಲಾಖೆಯೇ ಇದನ್ನು ‘ಹೈಡ್ರಮ್’ ಎಂಬ ಹೆಸರಿನಲ್ಲಿ ಹಾಕಿದೆ. ಫಿಲಿಪ್ಪೀನ್ಸ್‌ನ ನೀಗ್ರೋಸ್ ದ್ವೀಪದ ಎಐಡಿಎಫ್‌ಐ ಎಂಬ ಸಂಸ್ಥೆ ಸ್ಥಳೀಯವಾಗಿ ಸಿಗುವ ಸಾಮಗ್ರಿಯಿಂದಲೇ ಇಂಥ ಪಂಪುಗಳನ್ನು ಮಾಡಿ ಗುಡ್ಡದ ಊರುಗಳಿಗೆ ನೀರು ಹತ್ತಿಸಿತು. 2011ರಲ್ಲಿ ಅದಕ್ಕೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಸೌರದೀಪದ ಕೆಲಸಕ್ಕಾಗಿ ನಮ್ಮ ಕರ್ನಾಟಕದ ಹರೀಶ್ ಹಂದೆಯವರಿಗೂ ಅದೇ ಪ್ರಶಸ್ತಿ ಬಂದಿತ್ತು. ಸೌರದೀಪ ಮಲೆನಾಡಿನ ಒಂಟಿಮನೆಗಳಿಗೂ ಬಂತು. ಪಂಪು ಮಾತ್ರ ನಮ್ಮಂಥ ಊರುಗಳಿಗೆ ಇನ್ನೂ ಬಂದಿಲ್ಲ.

ನಮ್ಮ ಊರಿನ ಲೆಕ್ಕವನ್ನೇ ಹೇಳುತ್ತೇನೆ. ಏಪ್ರಿಲ್ ಕೊನೆಯಲ್ಲಿ ಹಳ್ಳಕ್ಕೆ ಮಣ್ಣಿನ ಕಟ್ಟ ಹಾಕಿ, ನೀರನ್ನು ಪೈಪಿಗೆ ತಿರುಗಿಸಿ ಅಳೆದೆವು. 20 ಲೀಟರಿನ ಬಕೆಟ್ 20 ಸೆಕೆಂಡಿನಲ್ಲಿ ತುಂಬಿತು, ಅಂದರೆ ನಿಮಿಷಕ್ಕೆ 60 ಲೀಟರ್. ಪಂಪು ಕೂರಿಸುವ ಜಾಗಕ್ಕೆ 3 ಮೀಟರ್ ಇಳಿಜಾರು ಸಿಗುತ್ತದೆ. ಅಲ್ಲಿಂದ ಊರಿನ ತಲೆಯಲ್ಲಿರುವ ಟ್ಯಾಂಕಿಗೆ 30 ಮೀಟರ್ ಏರು. ಪಂಪಿನ ದಕ್ಷತೆ ನೂರಕ್ಕೆ 60 ಎಂದು ಹಿಡಿದರೂ ನಿಮಿಷಕ್ಕೆ 3.6 ಲೀಟರ್ ಮೇಲೆ ಬರುತ್ತದೆ. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ ಅದು ನಿಲ್ಲುವುದಿಲ್ಲ, 24 ಗಂಟೆಗೆ 5,184 ಲೀಟರ್. ನಮ್ಮ ಹದಿನೇಳು ಮನೆಗಳ 74 ಜನರಿಗೆ ಬೇಕಾದದ್ದು 4,070. ಉಳಿದ ನೀರೆಲ್ಲ ಪಂಪಿನಿಂದ ಮರಳಿ ಹಳ್ಳಕ್ಕೇ ಸೇರುತ್ತದೆ, ಕೆಳಗಿನವರ ಗದ್ದೆಗೆ ಕೊರತೆಯಾಗುವುದಿಲ್ಲ.

ಎಲ್ಲ ಕಡೆಗೂ ಇದು ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ಬತ್ತುವ ಹಳ್ಳಕ್ಕೆ, ಇಳಿಜಾರಿಲ್ಲದ ಬಯಲಿಗೆ ಇದು ಪ್ರಯೋಜನವಿಲ್ಲ. ಮೇಲಿನಿಂದ ಇಳಿಯುವ ಪೈಪು ಕಬ್ಬಿಣದ್ದೇ ಆಗಬೇಕು. ಪಿವಿಸಿ ಹಾಕಿದರೆ ಅದು ಹಿಗ್ಗಿ ಗುದ್ದಿನ ಬಲವನ್ನು ನುಂಗುತ್ತದೆ, ಕೊನೆಗೆ ಒಡೆಯುತ್ತದೆ. ಜುಲೈನ ಪ್ರವಾಹಕ್ಕೆ ಕೊಚ್ಚಿಹೋಗದಂತೆ ಪಂಪನ್ನು ಬಂಡೆಗೆ ಬಿಗಿಯಬೇಕು. ಕವಾಟದ ರಬ್ಬರು ಸವೆಯುತ್ತದೆ, ಎಲೆ ಸಿಕ್ಕಿಕೊಳ್ಳುತ್ತದೆ. ಆದರೆ ಇವೆಲ್ಲ ಒಂದು ಸ್ಪ್ಯಾನರ್ ಹಿಡಿದು ನಮ್ಮ ನೀರುಗಂಟಿಯೇ ಮಾಡಬಲ್ಲ ಕೆಲಸಗಳು. ಶಿವಮೊಗ್ಗದ ಫೌಂಡ್ರಿಗಳಲ್ಲಿ ವಾಹನಗಳ ಬಿಡಿಭಾಗ ಎರಕ ಹೊಯ್ಯುವವರಿಗೆ ಈ ಪಂಪು ದೊಡ್ಡದಲ್ಲ.

ಶುದ್ಧತೆಯ ವಿಷಯಕ್ಕೆ ಬರುತ್ತೇನೆ, ಅದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಪಂಪು ನೀರನ್ನು ಎತ್ತುತ್ತದೆಯೇ ಹೊರತು ಶುದ್ಧ ಮಾಡುವುದಿಲ್ಲ. ಹಳ್ಳದಲ್ಲಿ ದನ ಇಳಿಯುತ್ತದೆ. ಜನವರಿಯಲ್ಲಿ ಹಳ್ಳ ಸಣ್ಣದಾಗುವ ಹೊತ್ತಿಗೇ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ನಡೆಯುತ್ತದೆ, ಆ ಹುಳಿ ನೀರು ಒಂದು ಕಡೆ ಹಳ್ಳಕ್ಕೆ ಬಿದ್ದರೂ ಕೆಳಗಿನವರಿಗೆಲ್ಲ ನಾತ. ಆದ್ದರಿಂದ ನೀರನ್ನು ಒರತೆಯ ಬುಡದಲ್ಲೇ ಹಿಡಿಯಬೇಕು: ಸುತ್ತ ಕಲ್ಲು ಜಲ್ಲಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ, ಮಳೆಯ ನೀರು ಬೇರೆಡೆ ಹೋಗಲು ಅಗಳು ತೋಡಬೇಕು. ಮೇಲೆ ಟ್ಯಾಂಕಿನ ಪಕ್ಕ ಎರಡು ಚದರ ಮೀಟರ್ ಅಗಲದ ಮರಳಿನ ಶೋಧಕ ಸಾಕು. ಮರಳಿನ ಮೇಲ್ಪದರದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳೇ ರೋಗಾಣುಗಳನ್ನು ತಿನ್ನುತ್ತವೆ. ಅವು ಬದುಕಿರಬೇಕಾದರೆ ನೀರು ನಿಧಾನವಾಗಿ, ಎಡೆಬಿಡದೆ ಹರಿಯಬೇಕು. ಎರಡು ಗಂಟೆ ಧೋ ಎಂದು ಸುರಿದು ನಿಲ್ಲುವ ಮೋಟಾರಿನ ನೀರು ಅದಕ್ಕೆ ಒಗ್ಗುವುದಿಲ್ಲ, ಟಗರಿನ ನೀರು ಹೇಳಿಮಾಡಿಸಿದಂತಿದೆ. ಕೊನೆಗೆ ಟ್ಯಾಂಕಿಗೆ ಅಳತೆಯ ಬ್ಲೀಚಿಂಗ್ ಪುಡಿ. ಪ್ರತಿ ಊರಿನಲ್ಲೂ ಐದು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕೆಂದು, ಮನೆ ಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ ಮಿಷನ್ ಯೋಜನೆಯಲ್ಲೇ ಇದೆ. ನಮ್ಮಲ್ಲಿ ಕಲಿತವರಲ್ಲಿ ನಾನೊಬ್ಬಳು. ಪರೀಕ್ಷೆಯ ಪೆಟ್ಟಿಗೆ ನಮ್ಮ ಮನೆಯ ಕಪಾಟಿನಲ್ಲಿ ನಲ್ಲಿಯ ನೀರಿಗಾಗಿ ಕಾಯುತ್ತಿದೆ.

ಇಷ್ಟನ್ನೂ ಬರೆದುಕೊಂಡು ಅಂದಾಜುಪಟ್ಟಿ ಮಾಡುವ ಎಂಜಿನಿಯರೊಬ್ಬರ ಬಳಿ ಹೋಗಿದ್ದೆ. ಸಜ್ಜನರು, ಪೂರ್ತಿ ಓದಿದರು. ‘ಅಮ್ಮಾ, ಇದು ದರಪಟ್ಟಿಯಲ್ಲಿ ಇಲ್ಲ. ಇಲ್ಲದ್ದನ್ನು ನಾನು ಹೇಗೆ ಬರೆಯಲಿ?’ ಎಂದರು. ಸರ್ಕಾರಿ ಕಾಮಗಾರಿಗಳ ಸಾಮಗ್ರಿಗೂ ಕೆಲಸಕ್ಕೂ ದರ ಗೊತ್ತುಮಾಡಿದ ಪಟ್ಟಿ ಅದು. ನಮ್ಮ ನೀರು ನಿಂತಿರುವುದು ಇಲ್ಲಿ. ಪೈಪು ಇನ್ನೂರು ಮೀಟರ್ ಕಾಡಿನೊಳಗೆ ಹಾಯಬೇಕೆಂಬುದು ಎರಡನೆಯ ತೊಡಕು. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ಕುಡಿಯುವ ನೀರಿನ ಪೈಪಿಗೆ ದಾರಿ ಕೊಟ್ಟಿದೆ: ಜಾಗ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಗ್ರಾಮಸಭೆ ಶಿಫಾರಸು ಮಾಡಬೇಕು. ನಮಗೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ತಾಲ್ಲೂಕಿನ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯ ಅಧ್ಯಕ್ಷರು ತಾವು. ಮುಂದಿನ ಸಭೆಯಲ್ಲಿ ಈ ಪತ್ರವನ್ನು ಮೇಜಿನ ಮೇಲಿಟ್ಟು, ವರ್ಷವಿಡೀ ಹರಿಯುವ ಹಳ್ಳದ ಮೇಲಿರುವ ಊರುಗಳ ಪಟ್ಟಿ ಕೇಳಿ. ದರಪಟ್ಟಿಗೆ ಈ ಪಂಪನ್ನು ಸೇರಿಸುವಂತೆ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿ. ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ನಮಗೆ ಕಾಲುಸಂಕ ಕಟ್ಟಿಕೊಡುತ್ತದೆ, ಪಂಪನ್ನೂ ಕೊಡಬಹುದು. ಅಲ್ಲಿಯವರೆಗೆ, ವರ್ಷಕ್ಕೆ 2 ಕೋಟಿ ರೂಪಾಯಿಯ ತಮ್ಮ ಶಾಸಕರ ನಿಧಿಯಿಂದ ಮೂರು ಊರುಗಳಲ್ಲಿ ಹಾಕಿಸಿ ನೋಡಿ. ಮೊದಲನೆಯದು ನಮ್ಮದೇ ಆಗಬೇಕೆಂಬ ಹಟವಿಲ್ಲ. ನಮಗಿಂತ ಕಡಿದಾದ ಏರು ಹತ್ತುವವರು ಇದ್ದಾರೆ. ಮನೆ ಮನೆಗೆ ನಲ್ಲಿ ನೀರಿನ ಗಡುವು 2024ಕ್ಕೆ ಇದ್ದದ್ದು 2028ಕ್ಕೆ ಹೋಗಿದೆ. ನನ್ನ ಮೊಮ್ಮಗಳಿಗೆ ಆಗ ಹನ್ನೆರಡು ವರ್ಷ, ಕೊಡ ಎತ್ತುವ ವಯಸ್ಸು.

ಎಂಜಿನಿಯರರನ್ನು ಕಳುಹಿಸುವುದಾದರೆ ಏಪ್ರಿಲ್ ಕೊನೆಯ ವಾರ ಕಳುಹಿಸಿ. ಹಳ್ಳ ಅತ್ಯಂತ ಸಣ್ಣದಾಗಿರುವ ಆ ದಿನಗಳಲ್ಲಿ ಅಳೆದರೆ ಮಾತ್ರ ಲೆಕ್ಕ ನಂಬಬಹುದು. ಬಕೆಟ್ ನಮ್ಮಲ್ಲಿದೆ.

ಇಂತಿ,
ಗ್ರಾಮ ಪಂಚಾಯಿತಿಯ ಮಾಜಿ ಸದಸ್ಯೆ, ಹದಿನೇಳು ಮನೆಗಳವರ ಪರವಾಗಿ