ಮೂವತ್ತಕ್ಕೂ ಹೆಚ್ಚು ಜೆರ್ಸಿ ತೊಟ್ಟವನು: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಮತ್ತೊಮ್ಮೆ ಕೆಲಸ ಬದಲಾಯಿಸಿದ್ದಕ್ಕೆ ನೆಂಟರೆಲ್ಲ "ಈ ಹುಡುಗಿ ಒಂದು ಕಡೆ ನೆಲೆ ನಿಲ್ಲುವವಳಲ್ಲ" ಎನ್ನುತ್ತಿದ್ದಾರೆಂದು ಮೊನ್ನೆ ಫೋನಿನಲ್ಲಿ ಬೇಸರಪಟ್ಟುಕೊಂಡೆ. ಆಗ ನನಗೆ ನೆನಪಾದವನು ಉರುಗ್ವೆಯ ಫುಟ್‌ಬಾಲ್ ಸ್ಟ್ರೈಕರ್ ಸೆಬಾಸ್ಟಿಯನ್ ಅಬ್ರೆಯು. ಫೋನಿನಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕ ಕಥೆಯಲ್ಲ ಅವನದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಬ್ರೆಯು ಹುಟ್ಟಿದ್ದು 1976ರಲ್ಲಿ, ಉರುಗ್ವೆಯ ಮಿನಾಸ್ ಎಂಬ ಊರಿನಲ್ಲಿ. ಆರಡಿ ಮೀರಿದ ಎತ್ತರದ ಈ ಎಡಗಾಲಿನ ಆಟಗಾರ ಹೆಡರ್‌ಗಳಲ್ಲಿ, ಅಂದರೆ ತಲೆಯಿಂದ ಚೆಂಡು ಹೊಡೆಯುವುದರಲ್ಲಿ, ನಿಪುಣ. ಮೊಂಟೆವಿಡಿಯೊದ ಡಿಫೆನ್ಸರ್ ಸ್ಪೋರ್ಟಿಂಗ್‌ನಲ್ಲಿ ಆಟ ಆರಂಭಿಸಿ, ಅರ್ಜೆಂಟೀನಾದ ಸ್ಯಾನ್ ಲೊರೆಂಜೊ ತಂಡದಲ್ಲಿ ಹೆಸರು ಮಾಡಿ, 1998ರಲ್ಲಿ ಸ್ಪೇನಿನ ಡೆಪೋರ್ಟಿವೊ ಲಾ ಕೊರುನ್ಯಾ ಸೇರಿದ. ಅಲ್ಲಿ ಅವನಿಗೆ ಸ್ಥಾನ ಗಟ್ಟಿಯಾಗಲಿಲ್ಲ. ಒಪ್ಪಂದ ಸ್ಪೇನಿನ ಕ್ಲಬ್ಬಿನೊಂದಿಗೆ, ಆಟ ಮಾತ್ರ ಬ್ರೆಜಿಲ್‌ನಲ್ಲೋ ಮೆಕ್ಸಿಕೊದಲ್ಲೋ ಉರುಗ್ವೆಯಲ್ಲೋ. ಹೀಗೆ ಲೋನ್ ಮೇಲೆ ಊರಿಂದೂರಿಗೆ ಹೋಗುವುದರಲ್ಲೇ ಕೆಲವು ವರ್ಷಗಳು ಕಳೆದವು. ದಕ್ಷಿಣ ಅಮೆರಿಕದ ಎಷ್ಟೋ ಆಟಗಾರರು ಈ ಏರ್ಪಾಟಿನಲ್ಲಿ ಮನಸ್ಸು ಮುರಿದು ಕಳೆದುಹೋಗಿದ್ದಾರೆ. ಅಬ್ರೆಯು ಹೋದ ಕಡೆಯಲ್ಲೆಲ್ಲ ಗೋಲು ಹೊಡೆದ. ಇಸ್ರೇಲ್, ಗ್ರೀಸ್, ಈಕ್ವೆಡಾರ್, ಪರಗ್ವೆ, ಎಲ್ ಸಾಲ್ವಡಾರ್, ಚಿಲಿ ಎಲ್ಲವನ್ನೂ ಸೇರಿಸಿದರೆ ಒಟ್ಟು 11 ದೇಶಗಳು, 30ಕ್ಕೂ ಹೆಚ್ಚು ಕ್ಲಬ್ಬುಗಳು. 2017ರ ಕೊನೆಯಲ್ಲಿ ಚಿಲಿಯ ಔಡಾಕ್ಸ್ ಇಟಾಲಿಯಾನೊ ಸೇರಿದಾಗ ಅದು ಅವನ 26ನೆಯ ಕ್ಲಬ್ಬಾಗಿ ಗಿನ್ನೆಸ್ ದಾಖಲೆಯಾಯಿತು. ಬಹುತೇಕ ಎಲ್ಲ ಕಡೆಯೂ ಅವನು ಕೇಳಿ ಪಡೆಯುತ್ತಿದ್ದದ್ದು 13ನೇ ನಂಬರಿನ ಜೆರ್ಸಿಯನ್ನು. ಮೆಕ್ಸಿಕೊದ ಡೊರಾಡೋಸ್ ಎಂಬ ಸಣ್ಣ ತಂಡದಲ್ಲಿ, ತನ್ನ ಆಟದ ಬದುಕಿನ ಕೊನೆಯ ಘಟ್ಟದಲ್ಲಿದ್ದ, ಮುಂದೆ ಹೆಸರಾಂತ ಕೋಚ್ ಆದ ಪೆಪ್ ಗಾರ್ಡಿಯೋಲ ಕೂಡ ಅವನ ಜೊತೆಗಾರನಾಗಿದ್ದ. ಆ ತಂಡ 2006ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಇಷ್ಟು ತಿರುಗಿದವನಿಗೆ ನಿಷ್ಠೆ ಎಲ್ಲಿರುತ್ತದೆ ಎಂದು ಕೇಳುವವರಿದ್ದಾರೆ. ಅವರು ರಾಷ್ಟ್ರೀಯ ತಂಡದ ಅಬ್ರೆಯುವನ್ನು ನೋಡಬೇಕು. ಸುಮಾರು 35 ಲಕ್ಷ ಜನರಿರುವ ಆ ಪುಟ್ಟ ದೇಶ 2010ರ ವಿಶ್ವಕಪ್‌ಗೆ ಅರ್ಹತೆ ಪಡೆಯಲು ಕೋಸ್ಟರಿಕಾ ವಿರುದ್ಧ ಪ್ಲೇಆಫ್ ಆಡಬೇಕಾಯಿತು. ಮೊಂಟೆವಿಡಿಯೊದಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಉರುಗ್ವೆಯ ಗೋಲು ಹೊಡೆದವನು ಇವನೇ. ಮೇಷ್ಟ್ರಾಗಿದ್ದು ಕೋಚ್ ಆದ ಆಸ್ಕರ್ ತಬಾರೆಜ್ ಅವನನ್ನು ಹೆಚ್ಚಾಗಿ ಬದಲಿ ಆಟಗಾರನಾಗಿಯೇ ಇಳಿಸುತ್ತಿದ್ದರು, ಅವನು ಅದಕ್ಕೂ ಸಿದ್ಧನಾಗಿದ್ದ.

ಆ ವಿಶ್ವಕಪ್‌ನಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಘಾನಾ ವಿರುದ್ಧದ ಕ್ವಾರ್ಟರ್‌ಫೈನಲ್ ನಿನಗೂ ನೆನಪಿರಬಹುದು. ನಮ್ಮಲ್ಲಿ ಆಟ ಶುರುವಾದದ್ದೇ ಮಧ್ಯರಾತ್ರಿಗೆ. ನಿದ್ದೆಗಣ್ಣಿನಲ್ಲೇ ನೀನು ನನ್ನ ಪಕ್ಕ ಕುಳಿತಿದ್ದೆ. ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ ಉರುಗ್ವೆಯ ಸುವಾರೆಜ್ ಗೋಲುಗೆರೆಯ ಮೇಲೆ ಚೆಂಡನ್ನು ಕೈಯಿಂದ ತಡೆದು ಕೆಂಪು ಕಾರ್ಡ್ ಪಡೆದ, ಘಾನಾದ ಅಸಮೋವಾ ಗ್ಯಾನ್ ಹೊಡೆದ ಪೆನಾಲ್ಟಿ ಅಡ್ಡಕಂಬಕ್ಕೆ ಬಡಿಯಿತು, 1-1ರಲ್ಲಿ ಉಳಿದ ಪಂದ್ಯ ಶೂಟೌಟ್‌ಗೆ, ಅಂದರೆ ಎರಡೂ ತಂಡಗಳು ಸರದಿಯಂತೆ ತಲಾ ಐದು ಪೆನಾಲ್ಟಿ ಹೊಡೆದು ಗೆಲುವು ನಿರ್ಧರಿಸುವ ಹಂತಕ್ಕೆ, ಹೋಯಿತು. ಗೋಲ್‌ಕೀಪರ್ ಮುಸ್ಲೆರಾ ಘಾನಾದ ಎರಡು ಹೊಡೆತಗಳನ್ನು ತಡೆದ ಮೇಲೆ ಉರುಗ್ವೆ 3-2ರಿಂದ ಮುಂದಿತ್ತು. ಐದನೆಯ ಹೊಡೆತಕ್ಕೆ ಬಂದವನು ಅಬ್ರೆಯು. ಗೋಲಾದರೆ 40 ವರ್ಷಗಳ ನಂತರ ಸೆಮಿಫೈನಲ್. ಓಡಿ ಬಂದವನು ಜೋರಾಗಿ ಹೊಡೆಯುವವನಂತೆ ಕಾಲು ಬೀಸಿ, ಚೆಂಡಿನ ಅಡಿಯನ್ನಷ್ಟೇ ಮೆಲ್ಲಗೆ ಮುಟ್ಟಿ ಎತ್ತಿದ. ಕೀಪರ್ ಆಗಲೇ ಪಕ್ಕಕ್ಕೆ ಹಾರಿಯಾಗಿತ್ತು. ಚೆಂಡು ಅವಸರವೇ ಇಲ್ಲದೆ ಗೋಲಿನ ನಡುವೆ ಇಳಿಯಿತು.

1976ರ ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಚೆಕೊಸ್ಲೊವಾಕಿಯಾದ ಪನೆಂಕಾ ಆಡಿ ತೋರಿಸಿದ ಹೊಡೆತ ಅದು. ಅಬ್ರೆಯುವಿಗೆ ಅವನ ನಾಡಿನವರು 'ಎಲ್ ಲೋಕೊ', ಅಂದರೆ ಹುಚ್ಚ, ಎಂದು ಹೆಸರಿಟ್ಟಿದ್ದರಿಂದ ಇದನ್ನೂ ಹುಚ್ಚುಸಾಹಸವೆಂದೇ ಎಲ್ಲರೂ ಬರೆದರು. ನಾನದನ್ನು ಒಪ್ಪುವುದಿಲ್ಲ. ವಿಶ್ವಕಪ್‌ಗೂ ಮೊದಲು, 2010ರ ಏಪ್ರಿಲ್‌ನಲ್ಲಿ, ಬ್ರೆಜಿಲ್‌ನ ರಿಯೊದಲ್ಲಿ ಬೊಟಫೊಗೊ ಕ್ಲಬ್ ಪರ ಆಡುತ್ತ, ಫ್ಲಮೆಂಗೊ ವಿರುದ್ಧ ಪ್ರಶಸ್ತಿ ನಿರ್ಧರಿಸಿದ ಪಂದ್ಯದಲ್ಲಿ ಅವನು ಇದೇ ರೀತಿಯಲ್ಲಿ ಪೆನಾಲ್ಟಿ ಗೋಲು ಮಾಡಿದ್ದ. ಎಲ್ಲವೂ ಪಣಕ್ಕಿರುವ ಹೊಡೆತಕ್ಕೆ ಯಾವ ಕೀಪರನೂ ನಿಂತಲ್ಲೇ ನಿಲ್ಲಲಾರ ಎಂಬುದನ್ನು ಅಷ್ಟೊಂದು ಮೈದಾನಗಳಲ್ಲಿ, ಅಷ್ಟೊಂದು ಕೀಪರುಗಳೆದುರು ಆಡಿದವನು ಅರಿತಿದ್ದ. ಒಂದೇ ಕ್ಲಬ್ಬಿನಲ್ಲಿ ಹಾಯಾಗಿ ಇದ್ದಿದ್ದರೆ ಈ ತಿಳಿವಳಿಕೆ ಬರುತ್ತಿತ್ತೇ ಎಂಬುದು ನನ್ನ ಅನುಮಾನ.

ಮರುವರ್ಷ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿಯಾದ ಕೋಪಾ ಅಮೆರಿಕ ಗೆದ್ದ ಉರುಗ್ವೆ ತಂಡದಲ್ಲೂ ಅವನಿದ್ದ. ಇಷ್ಟೆಲ್ಲ ಸುತ್ತಾಟದ ನಡುವೆಯೂ ಮೊಂಟೆವಿಡಿಯೊದ 'ನ್ಯಾಷನಲ್' ಎಂಬ ತನ್ನ ಪ್ರೀತಿಯ ಕ್ಲಬ್ಬಿಗೆ ಮತ್ತೆ ಮತ್ತೆ ಮರಳಿ ಬರುತ್ತಿದ್ದ. 2021ರಲ್ಲಿ, 44ನೇ ವಯಸ್ಸಿನಲ್ಲಿ, ಮೊಂಟೆವಿಡಿಯೊದ ಸುಡ್ ಅಮೆರಿಕ ತಂಡದ ಪರ ಆಡಿ ನಿವೃತ್ತನಾಗಿ, ಆಮೇಲೆ ಪೂರ್ತಿಯಾಗಿ ಕೋಚ್ ಕೆಲಸಕ್ಕೆ ಇಳಿದ. ಆ ಕೆಲಸದಲ್ಲಿಯೂ ದೇಶದಿಂದ ದೇಶಕ್ಕೆ ಹೋಗುತ್ತಲೇ ಇದ್ದಾನೆ.

ಹೊಸ ಕಚೇರಿಗೆ ಸೇರುವ ಮುನ್ನ ಬಿಡುವು ಮಾಡಿಕೊಂಡು ಆ ಎರಡೂ ಪೆನಾಲ್ಟಿಗಳನ್ನು ನೋಡು. ರಿಯೊದಲ್ಲಿ ಹೊಡೆದದ್ದನ್ನು ಮೊದಲು ನೋಡು, ಜೊಹಾನ್ಸ್‌ಬರ್ಗ್‌ನದು ಆಮೇಲೆ. ನೋಡಿದ ಮೇಲೆ ಅದು ಹುಚ್ಚೋ ಲೆಕ್ಕಾಚಾರವೋ ಎಂದು ನಿನಗನಿಸಿದ್ದನ್ನು ಬರೆ.

ಇಂತಿ,
ನಿನ್ನ ಅಮ್ಮ